ಮುಂದೆ ಓಡುವವನ ಎದೆ

ಕಿಮೋಸೊಪ್ ಬಿದ್ದದ್ದು ಏರಿನಲ್ಲಲ್ಲ, ಏರು ಮುಗಿದ ಮೇಲೆ. ಎಲ್ಲರಿಗೂ ಸೋಜಿಗವೆನಿಸಿದ್ದು ಅದೇ. ಕಾಡಿನಂಚಿನ ಕೆಮ್ಮಣ್ಣಿನ ರಸ್ತೆಯಲ್ಲಿ ಮಗಳು ಜೆಮೇಲಿಯ ಮುಂದೆ ಮುಂದೆ ಓಡುತ್ತ, ಏರನ್ನು ಎಂದಿನಂತೆ ಹತ್ತಿ, ನೆತ್ತಿಯಲ್ಲಿ ಹೆಜ್ಜೆ ನಿಧಾನ ಮಾಡಿ, "ಬಾ, ಬಾ" ಎಂದು ಹಿಂದಕ್ಕೆ ಕೈ ಬೀಸಿದ. ಬೀಸಿದ ಕೈ ಕೆಳಗಿಳಿಯುವ ಮೊದಲೇ ಆಸಾಮಿ ನೆಲಕ್ಕೊರಗಿದ್ದ. ಕಣ್ಣು ಬಿಟ್ಟಾಗ ಬಾಯಲ್ಲಿ ಧೂಳು, ಮೇಲೆ ಮಗಳ ಮುಖ, ಪಕ್ಕದಲ್ಲಿ ಹಾಲಿನ ಕ್ಯಾನು ಹೊತ್ತ ಕತ್ತೆಯೊಂದು ಅವನನ್ನೇ ನೋಡುತ್ತ ನಿಂತಿತ್ತು. ಕತ್ತೆಯ ಮುಂದೆ ಮಾನ ಹೋಯಿತಲ್ಲ ಎಂಬುದೇ ಅವನಿಗೆ ಮೊದಲು ಹೊಳೆದದ್ದು.

ಇಟೆನ್ ಎಂದರೆ ಓಟದ ಊರು. ಬೆಳಕು ಹರಿಯುವ ಮುಂಚೆಯೇ ದಿಣ್ಣೆಯ ದಾರಿಗಳಲ್ಲೆಲ್ಲ ಕಾಲಿನ ಸದ್ದು. ಗಟ್ಟಿಮುಟ್ಟಾದವನು ಬೆಳಗ್ಗೆ ಸುಮ್ಮನೆ ನಡೆದು ಹೋಗುವುದನ್ನು ಕಂಡರೆ "ಪಾಪ, ಏನು ಕಾಯಿಲೆಯೋ" ಎನ್ನುವ ಜನ ನಮ್ಮವರು. ಇಂಥಲ್ಲಿ ಓಡುತ್ತ ಬಿದ್ದವನಿಗಾಗಿ ಯಾರೂ ಮರುಗುವುದಿಲ್ಲ. ಮೈಯಲ್ಲಿದ್ದದ್ದನ್ನೆಲ್ಲ ಸುರಿದುಬಿಟ್ಟ ಎಂದು ಬೆನ್ನು ತಟ್ಟಿ, ಮುರ್ಸಿಕ್ ಕುಡಿಸುತ್ತಾರೆ. ಸೋರೆಬುರುಡೆಯ ಒಳಗೆ ಇದ್ದಿಲು ಸವರಿ ಹುಳಿ ಬರಿಸಿದ ಆ ಹಾಲು ಗೆದ್ದವರಿಗೂ ಅದೇ, ಬಿದ್ದವರಿಗೂ ಅದೇ.

ಬುರುಡೆ ಹಿಡಿದು ಮನೆಗೆ ಬಂದವನು ನೆರೆಮನೆಯ ಬೊವೆನ್. ಚಿಕ್ಕಂದಿನಲ್ಲಿ ಜೊತೆಗೇ ಓಡಿ ಬೆಳೆದವನು, ಈಗ ಚಹಾ ಅಂಗಡಿ ಇಟ್ಟು ಹೊಟ್ಟೆ ಬೆಳೆಸಿಕೊಂಡವನು.

"ಏನೋ, ಮಗಳ ಮುಂದೆ ಓಡಕ್ಕಾಗದೆ ನಾಟಕ ಆಡಿದ್ಯಂತೆ?"

"ಚಹಾ ಕುಡಿದಿರ್ಲಿಲ್ಲ ಕಣೋ, ಅಷ್ಟೇ."

"ಚಹಾ ಮೇಲೆ ಯಾಕೋ ಹಾಕ್ತೀಯ, ನನ್ನ ವ್ಯಾಪಾರ ಹಾಳ್ಮಾಡ್ಬೇಡ. ಹುಡುಗಿ ಕಾಲು ನಿನ್ನ ಕಾಲಿಗಿಂತ ಚುರುಕಾಗಿದೆ, ಒಪ್ಕೋ. ಕೊಡಿಲ್ಲಿ ಕೈ."

ಮಣಿಕಟ್ಟು ಹಿಡಿದು, ಮಂತ್ರ ಹೇಳುವವನಂತೆ ಕಣ್ಣು ಮುಚ್ಚಿಕೊಂಡ. ದಿಣ್ಣೆಯ ಜನರಿಗೆ ಇದೊಂದು ಚಾಳಿ. ಹಾಸಿಗೆಯಿಂದ ಏಳುವ ಮುಂಚೆ ನಾಡಿ ಮುಟ್ಟಿ ನೋಡಿಕೊಳ್ಳುತ್ತಾರೆ. ಯಾರ ನಾಡಿ ನಿಧಾನವೋ ಅವನಿಗೆ ಆ ದಿನ ಮೀಸೆ ಹುರಿ ಮಾಡುವ ಹಕ್ಕು. ಬೇರೆ ಊರಿನಲ್ಲಿ ಹಸು, ಹೊಲ ತೋರಿಸಿ ಹೆಣ್ಣು ಕೇಳುತ್ತಾರಂತೆ. ಕಿಮೋಸೊಪ್ ಹೆಂಡತಿ ಸಲೀನಾಳ ಅಪ್ಪನ ಮುಂದೆ ಚಾಚಿದ್ದು ತನ್ನ ಕೈಯನ್ನು.

"ಅಬ್ಬಾ! ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವೆ ಒಂದು ಕಪ್ಪು ಚಹಾ ಕುಡಿದು ಬರ್ಬೋದು," ಎಂದ ಬೊವೆನ್. "ಇಂಥ ಎದೆಗೆ ಏನಾಗತ್ತೆ, ಮಣ್ಣು!"

ನೋಡಲು ನೆರೆದಿದ್ದವರೆಲ್ಲ ನಕ್ಕರು. ಕಿಮೋಸೊಪ್ ಕೂಡ ನಕ್ಕ. ಆದರೆ ನಗು ಬೇರೆ ಯಾರದೋ ಬಾಯಿಂದ ಬಂದಂತೆ ಕೇಳಿಸಿತು. ಬಿದ್ದ ಹೊತ್ತಿನಿಂದ ಮೈ ತನ್ನದಲ್ಲ ಎನ್ನುವ ಹಾಗಾಗಿತ್ತು. ಹೆದರಿಕೆಯಿಲ್ಲ, ನೋವಿಲ್ಲ. ಕೂತು ಕೂತು ಜೋಮು ಹಿಡಿದ ಕಾಲಿನಂತೆ ಮನಸ್ಸು ಮರಗಟ್ಟಿತ್ತು.

ನಗದೆ ಇದ್ದವಳು ಜೆಮೇಲಿ ಒಬ್ಬಳೇ. ಎಲ್ಲರೂ ಹೋದ ಮೇಲೆ ಬಾಗಿಲಿಗೆ ಒರಗಿ ನಿಂತು ಹೇಳಿದಳು. "ಬಾಬಾ, ನಿನ್ನ ಕಣ್ಣು ತೆರೆದೇ ಇತ್ತು. ನಾನು ಕೂಗಿದ್ರೆ ನಿಂಗೆ ಕೇಳಿಸ್ಲಿಲ್ಲ. ಎಲ್ಡೊರೆಟ್‌ಗೆ ಹೋಗಿ ಹೃದಯದ ಡಾಕ್ಟರಿಗೆ ತೋರ್ಸು."

"ಶನಿವಾರ ಕಳೀಲಿ, ನೋಡೋಣ."

"ಇಲ್ಲ. ನೀನು ತೋರಿಸ್ದಿದ್ರೆ ಶನಿವಾರ ನಾನು ಓಡಲ್ಲ."

ಶನಿವಾರ ಶಾಲೆಗಳ ಆಯ್ಕೆಯ ಓಟವಿತ್ತು. ಗೆದ್ದ ಹುಡುಗಿಯರನ್ನು ದೊಡ್ಡ ಶಿಬಿರಕ್ಕೆ ಕರೆದುಕೊಳ್ಳುತ್ತಾರೆ; ಅಲ್ಲಿಂದ ಮುಂದೆ ಲೋಕವೆಲ್ಲ ತೆರೆದ ದಾರಿ. ಅವಳು ಗೆಲ್ಲುತ್ತಾಳೆ ಎಂಬುದರಲ್ಲಿ ದಿಣ್ಣೆಯಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಆ ಮನೆಯಲ್ಲಿ ಹಸುವಿನ ಹಾಲು ಕರೆಯುವುದರಿಂದ ಹಿಡಿದು ಮೆಕ್ಕೆಜೋಳದ ಮುದ್ದೆ ಉಗಾಲಿ ತೊಳಸುವವರೆಗೆ ಎಲ್ಲವೂ ಆ ಹುಡುಗಿಯ ಕಾಲಿನ ಸುತ್ತ ನಡೆಯುತ್ತಿತ್ತು. ಓಟ ನಿಂತರೆ ಅಲ್ಲಿ ಉಳಿಯುವುದು ನಾಲ್ಕು ಗೋಡೆ, ಒಂದು ಹಸು.

ಒಲೆಯ ಮುಂದೆ ಕೂತಿದ್ದ ಸಲೀನಾ ತಿರುಗಿಯೂ ನೋಡದೆ, "ಅವಳ ಮಾತಾದ್ರೂ ಕೇಳು, ಜೆಮೇಲಿ ಬಾಬಾ. ನನ್ನ ಮಾತಂತೂ ಮದ್ವೆಯಾದ ದಿನದಿಂದ ಕೇಳಿದವನಲ್ಲ," ಎಂದಳು.

ಕಿಮೋಸೊಪ್ ತನಗಾಗಿ ಎಂದೂ ಓಡಿದವನಲ್ಲ. ಅವನ ಕಸುಬೇ ಬೇರೆಯವರ ಮುಂದೆ ಓಡುವುದು. ಬೆಳಗಿನ ಗಾಳಿಯನ್ನು ತನ್ನ ಎದೆಯಿಂದ ಸೀಳಿ, ಹಿಂದೆ ಬರುವವರಿಗೆ ವೇಗದ ಹದ ಹಾಕಿಕೊಟ್ಟು, ಗುರಿ ಕಾಣುವ ಹೊತ್ತಿಗೆ ಪಕ್ಕಕ್ಕೆ ಸರಿದು ನಿಲ್ಲುವುದು. ಹಾಗೆ ಅವನ ಬೆನ್ನು ನೋಡುತ್ತ ಓಡಿದವರಲ್ಲಿ ಎಷ್ಟೋ ಜನ ಪದಕ ತಂದರು, ಮಹಡಿ ಮನೆ ಕಟ್ಟಿಸಿದರು. ಮದುವೆ ಹಬ್ಬಗಳಲ್ಲಿ ಅವನನ್ನು ಕರೆದು ಊಟ ಹಾಕುತ್ತಿದ್ದರು, ಹೆಸರು ಮಾತ್ರ ತಪ್ಪಾಗಿ ಹೇಳುತ್ತಿದ್ದರು. ಅವನಿಗೆ ಅದರ ಬೇಸರವಿರಲಿಲ್ಲ. ಹಿಂದೆ ಬರುವವರ ಉಸಿರಿನ ಸದ್ದು ಕೇಳಿದರೆ ಸಾಕು, ಅವರಲ್ಲಿ ಇನ್ನೆಷ್ಟು ಉಳಿದಿದೆ ಎಂದು ಅವನಿಗೆ ತಿಳಿಯುತ್ತಿತ್ತು. ಸುಸ್ತಾದವರಿಗೆ ಅವನು ಹೇಳುತ್ತಿದ್ದುದು ಒಂದೇ ಮಾತು, ದಿಣ್ಣೆಯ ಹಳೆಯ ಓಟಗಾರರೆಲ್ಲ ಹೇಳುತ್ತ ಬಂದ ಮಾತು. "ಕಣ್ಣಿಗೆ ಕತ್ತಲೆ ಬಂದ್ರೆ ನಿಲ್ಬೇಡ. ಓಡು. ಅದೇ ದಾಟತ್ತೆ." ಮಗಳಿಗೂ ಅದನ್ನೇ ಹೇಳಿಕೊಟ್ಟಿದ್ದ.

ಬುಧವಾರ ಅವನು ಎಲ್ಡೊರೆಟ್‌ಗೆ ಮಟಾಟು ಹತ್ತಿದ. ವ್ಯಾನು ತುಂಬದೆ ಹೊರಡುವುದಿಲ್ಲ. ತುಂಬಿದ ಮೇಲೂ ಇನ್ನೊಬ್ಬಳು ಅಜ್ಜಿ ಕೋಳಿ ಸಮೇತ ಅವನ ತೊಡೆಯ ಮೇಲೆಯೇ ಕೂತಷ್ಟು ಹತ್ತಿರ ಕೂತಳು. ದಾರಿಯುದ್ದಕ್ಕೂ ಕೋಳಿ ಅವನ ಮೊಣಕೈ ಕುಕ್ಕುತ್ತಿತ್ತು. ಬೇರೆ ದಿನವಾಗಿದ್ದರೆ ಜಗಳವಾಡುತ್ತಿದ್ದ. ಆ ದಿನ ಕುಕ್ಕಿಸಿಕೊಂಡು ಕೂತ.

ಹೃದಯದ ಡಾಕ್ಟರ್ ನೆಕೇಸಾ, ಬುಂಗೋಮಾ ಎಂಬ ಊರಿನ ಕಡೆಯ ಹೆಂಗಸು. ಕುಳ್ಳಗೆ, ಗಟ್ಟಿ ದನಿ, ಹುಬ್ಬಿನ ಮೇಲೆ ಸದಾ ಏರಿಸಿಕೊಂಡಿರುವ ಕನ್ನಡಕ. ಕಿವಿಗೆ ಕೊಳವೆ ಸಿಕ್ಕಿಸಿಕೊಂಡು ಅವನ ಎದೆಯ ಸದ್ದನ್ನು ಕೂರಿಸಿ ಕೇಳಿದರು, ನಿಲ್ಲಿಸಿ ಕೇಳಿದರು, ಕುಕ್ಕರಗಾಲಲ್ಲಿ ಕೂರಿಸಿ ಎಬ್ಬಿಸಿ ಮತ್ತೆ ಕೇಳಿದರು.

"ನನ್ನ ನಾಡಿ ತುಂಬ ನಿಧಾನ, ಡಾಕ್ಟರೇ," ಎಂದ ಕಿಮೋಸೊಪ್. ಹೇಳಿಕೊಳ್ಳಲು ಅವನಲ್ಲಿ ಇದ್ದದ್ದು ಅದೊಂದೇ.

"ನಿಮ್ಮೂರಿಂದ ಬರೋರೆಲ್ಲ ಅದನ್ನೇ ಹೇಳ್ತಾರೆ, ಯಜಮಾನ್ರೇ. ನಾಡಿ ನಿಧಾನ ಅಂತ ಎದೆ ಸರಿಯಾಗಿದೆ ಅನ್ನಕ್ಕಾಗತ್ತಾ? ನಿಧಾನ ಹೋಗೋ ಲಾರಿಗೆ ಬ್ರೇಕ್ ಸರಿಯಾಗಿದೆ ಅಂತ ಯಾರು ಹೇಳಿದ್ರು?" ಕೊಳವೆ ಕೊರಳಿಗೆ ಇಳಿಸಿದರು. "ಮನೇಲಿ ಯಾರಾದ್ರೂ ಚಿಕ್ಕ ವಯಸ್ಸಲ್ಲಿ, ಇದ್ದಕ್ಕಿದ್ದ ಹಾಗೆ ತೀರ್ಕೊಂಡಿದ್ದಾರಾ?"

"ಇಲ್ಲ."

ಅವನು ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಮನೆಯಲ್ಲಿ ಎಳೆಯ ಸಾವು ಬಂದರೆ ಆ ಹೆಸರನ್ನು ಮತ್ತೆ ಬಾಯಿಗೆ ತರಬಾರದು ಎಂಬುದು ಅವನ ತಾಯಿ ಪಾಲಿಸಿಕೊಂಡು ಬಂದ ಹಳೆಯ ಕಟ್ಟಳೆ. ಕರೆದರೆ ಹೋದವರು ತಿರುಗಿ ನೋಡುತ್ತಾರೆ, ಇರುವವರ ಮೇಲೆ ಅವರ ಕಣ್ಣು ಬೀಳುತ್ತದೆ. ಆಕೆ ಹೋದವನ ಅಂಗಿ ಸುಟ್ಟಳು, ಲೋಟ ಯಾರಿಗೋ ಕೊಟ್ಟಳು, ಹೆಸರನ್ನು ನುಂಗಿದಳು. ನುಂಗಿ ನುಂಗಿ ಅಷ್ಟು ವರ್ಷವಾದ ಮೇಲೆ, ಯಾರಾದರೂ ಕೇಳಿದರೆ "ಇಲ್ಲ" ಎನ್ನುವುದು ಕಿಮೋಸೊಪ್‌ಗೆ ಕೆಮ್ಮಿದಷ್ಟೇ ಸಲೀಸಾಗಿತ್ತು.

ಕತ್ತಲೆ ಕೋಣೆಯಲ್ಲಿ ಎಡಮಗ್ಗುಲಿಗೆ ಮಲಗಿಸಿ, ಎದೆಗೆ ತಣ್ಣನೆಯ ಲೋಳೆ ಹಚ್ಚಿ, ಡಾಕ್ಟರು ಯಂತ್ರದ ಗುಬಟೊಂದನ್ನು ಪಕ್ಕೆಲುಬಿನ ಮೇಲೆ ಒತ್ತಿ ಆಡಿಸಿದರು. ಪರದೆಯ ಮೇಲೆ ಬೂದು ಬಣ್ಣದ್ದೇನೋ ಮುಚ್ಚಿ ತೆರೆಯುತ್ತಿತ್ತು. ಅದು ತನ್ನ ಎದೆ ಎಂದು ಗೊತ್ತಾದರೂ ನೆರೆಮನೆಯವರ ಹಸುವನ್ನು ನೋಡಿದಂತೆ ನೋಡುತ್ತ ಮಲಗಿದ್ದ. ಡಾಕ್ಟರ ಎಡಗೈ ಒಂದೇ ಗುಂಡಿಯನ್ನು ಮತ್ತೆ ಮತ್ತೆ ಒತ್ತುತ್ತಿತ್ತು.

ದೀಪ ಹಾಕಿದ ಮೇಲೆ ಒಂದು ಹಾಳೆಯಲ್ಲಿ ಚಿತ್ರ ಬರೆದು ತೋರಿಸಿದರು. "ಓಡೋರ ಹೃದಯ ದಪ್ಪ ಆಗತ್ತೆ, ಅದು ತಪ್ಪಲ್ಲ. ಸುತ್ತ ಒಂದೇ ಸಮ ದಪ್ಪ ಆಗತ್ತೆ. ನಿಮ್ಮದು ಹಂಗಲ್ಲ. ಈ ನಡುವಿನ ಗೋಡೆ ಒಂದೇ ಊದಿಕೊಂಡು ರಕ್ತ ಹೋಗೋ ಬಾಗಿಲಿಗೆ ಅಡ್ಡ ನಿಂತಿದೆ. ಇದು ಓಡಿ ಬಂದದ್ದಲ್ಲ. ಹುಟ್ಟಿನಿಂದ ಬಂದದ್ದು, ಮನೆತನದ್ದು." ಕನ್ನಡಕ ಕೆಳಗಿಳಿಸಿ ಅವನನ್ನೇ ನೋಡಿದರು. "ಇನ್ನೊಂದ್ಸಲ ಕೇಳ್ತೀನಿ, ಯಜಮಾನ್ರೇ. ಯಾರೂ ಹೋಗಿಲ್ವಾ?"

ಹೊರಗೆ ಯಾರದೋ ಮಗು ಅಳುತ್ತಿತ್ತು. ಕಿಮೋಸೊಪ್ ಎದೆಯ ಮೇಲಿನ ಲೋಳೆಯನ್ನು ಕಾಗದದಿಂದ ಒರೆಸಿಕೊಳ್ಳುತ್ತಲೇ ಇದ್ದ. ಒರೆಸಲು ಏನೂ ಉಳಿದಿರಲಿಲ್ಲ.

"ಕಿಬಿವೊಟ್," ಎಂದ.

"ಯಾರು?"

"ತಮ್ಮ."

ಹೆಸರು ಹೊರಬಿದ್ದರೆ ಆಕಾಶ ಕಳಚಿ ಬೀಳುತ್ತದೆ ಎಂದುಕೊಂಡಿದ್ದ. ಏನೂ ಆಗಲಿಲ್ಲ. ಡಾಕ್ಟರು ಬರೆದುಕೊಂಡರು, ಅಷ್ಟೇ. ಆಮೇಲೆ ಅವನೇ ಹೇಳಿದ, ಬೇರೆ ಯಾರದೋ ಕತೆ ಹೇಳಿದ ಹಾಗೆ. ಶಾಲೆಯ ಓಟ. ಅಣ್ಣನಾದ ತಾನು ಮುಂದೆ ಓಡಿ ಗಾಳಿ ತಡೆದದ್ದು, ಕೊನೆಯ ಸುತ್ತಿನಲ್ಲಿ ಪಕ್ಕಕ್ಕೆ ಸರಿದು ದಾರಿ ಬಿಟ್ಟದ್ದು. ತಮ್ಮ ಮೊದಲನೆಯವನಾಗಿ ಗೆರೆ ದಾಟಿ ಬಿದ್ದದ್ದು. ಗೆದ್ದ ಸುಸ್ತಿಗೆ ಬಿದ್ದನೆಂದು ಜನ ಚಪ್ಪಾಳೆ ತಟ್ಟುತ್ತಲೇ ಇದ್ದದ್ದು. ಯಾರೋ ಮುರ್ಸಿಕ್ ತಂದು ಬಾಯಿಗೆ ಹಿಡಿದಾಗ ಹಾಲು ತುಟಿಯಿಂದ ಹೊರಗೇ ಹರಿದದ್ದು. ಹೊಟ್ಟೆಕಿಚ್ಚಿನವರ ಕಣ್ಣು ತಾಗಿತು ಎಂದು ಊರು ತೀರ್ಮಾನ ಮಾಡಿತು. ಕಣ್ಣು ಯಾರದೆಂದು ಹುಡುಕುತ್ತ ಎರಡು ಮನೆಗಳ ನಡುವೆ ಮಾತೇ ನಿಂತಿತು.

ಡಾಕ್ಟರು ಪೆನ್ನು ಕೆಳಗಿಟ್ಟರು. "ನೀವು ಇನ್ಮೇಲೆ ಓಡಬಾರದು. ನಡೀರಿ, ಹಸು ಮೇಯಿಸಿ, ಮಾತ್ರೆ ತಗೊಳ್ಳಿ. ಓಟ ಮಾತ್ರ ಬೇಡ."

"ಸರಿ."

ಅಷ್ಟು ಸಲೀಸಾಗಿ ಒಪ್ಪಿದ್ದು ನೋಡಿ ಡಾಕ್ಟರಿಗೇ ಅಚ್ಚರಿಯಾಯಿತು. "ಮಕ್ಕಳಿದ್ದಾರಾ?"

ಕಿಮೋಸೊಪ್ ಕಾಗದವನ್ನು ಉಂಡೆ ಮಾಡಿ ಕೈಯಲ್ಲೇ ಹಿಡಿದುಕೊಂಡ. "ಒಬ್ಬಳು ಮಗಳು."

"ಓಡ್ತಾಳಾ?"

ಇಟೆನ್‌ನವನಿಗೆ ಇದೆಂಥ ಪ್ರಶ್ನೆ!

"ನಾಳೆನೇ ಕರ್ಕೊಂಡ್ಬನ್ನಿ," ಎಂದರು ಡಾಕ್ಟರು. "ಅವಳಿಗೂ ಇದೆ ಅಂತ ಹೇಳ್ತಾ ಇಲ್ಲ. ಇರ್ಬೋದು, ಇಲ್ದೇನೂ ಇರ್ಬೋದು. ನೋಡೋವರೆಗೆ ಒಂದು ಹೆಜ್ಜೆನೂ ಓಡಬಾರದು."

ವಾಪಸು ಬರುವಾಗ ಕಿಟಕಿಯಾಚೆ ಸಂಜೆಯ ಓಟದವರು ಗುಂಪು ಗುಂಪಾಗಿ ಹೋಗುತ್ತಿದ್ದರು. ಅವರ ಕಾಲುಗಳನ್ನು ನೋಡುತ್ತ ಕೂತ. ಶನಿವಾರ ಕಳೆಯಲಿ, ಆಮೇಲೆ ಹೇಳಿದರಾಯಿತು ಎಂದು ಒಂದು ಯೋಚನೆ ಬಂತು. ಮೂರು ದಿನದಲ್ಲಿ ಏನು ಮುಳುಗಿಹೋಗುತ್ತದೆ? ಅವಳು ಗೆಲ್ಲಲಿ, ಹೆಸರು ಬರೆಸಲಿ. ಆ ಯೋಚನೆ ಅವನ ಜೊತೆಗೇ ಕೂತು ಇಟೆನ್‌ವರೆಗೂ ಬಂತು, ಜೊತೆಗೇ ಕೆಳಗಿಳಿಯಿತು. ಬೊವೆನ್ ಅಂಗಡಿಯಿಂದಲೇ ಕೂಗಿದ.

"ಏನಂದ್ರೋ ಡಾಕ್ಟ್ರು? ಸಿಂಹದ ಎದೆ ಅಂದ್ರಾ?"

"ಹೂಂ," ಎಂದ ಕಿಮೋಸೊಪ್, ನಿಲ್ಲದೆ.

ಜೆಮೇಲಿ ಹಿತ್ತಲಲ್ಲಿ ಹಾಲು ಕರೆಯುತ್ತಿದ್ದಳು. ಅವನು ಬೇಲಿಯ ಗೂಟಕ್ಕೆ ಒರಗಿ ನಿಂತ. ಹಾಲು ಕ್ಯಾನಿಗೆ ಬೀಳುವ ಸದ್ದು ಒಂದೇ ಹದದಲ್ಲಿ ಬರುತ್ತಿತ್ತು. ಅವಳ ಓಟದ ಹಾಗೆಯೇ.

"ಏನಂತೆ ಬಾಬಾ? ಯಾವಾಗಿಂದ ಓಡ್ಬೋದಂತೆ?"

"ನಂಗೊಬ್ಬ ತಮ್ಮ ಇದ್ದ," ಎಂದ ಅವನು.

ಹಾಲಿನ ಸದ್ದು ನಿಂತಿತು.

"ಕಿಬಿವೊಟ್ ಅಂತ ಹೆಸರು. ನಿಂಗೆ ಚಿಕ್ಕಪ್ಪ. ನಿನ್ನ ಹಾಗೇ ಮೊಣಕಾಲು ಎತ್ತಿ ಎತ್ತಿ ಓಡ್ತಿದ್ದ." ಒಳಗೆ ಸಲೀನಾ ಪಾತ್ರೆ ಕೆಳಗಿಟ್ಟಳು, ಆಕೆಯೂ ಆ ಹೆಸರನ್ನು ಆ ಮನೆಯಲ್ಲಿ ಕೇಳಿದ್ದು ಅದೇ ಮೊದಲು. ಅವನು ಎಲ್ಲವನ್ನೂ ಹೇಳಿದ. ಗೆರೆ, ಚಪ್ಪಾಳೆ, ಹಾಲು. ಊದಿಕೊಂಡ ಗೋಡೆ, ಮನೆತನದ್ದು ಎಂಬ ಮಾತು. ನಾಳೆ ಅವಳೂ ಬರಬೇಕೆಂಬುದು. ಅವನ ದನಿಯಲ್ಲಿ ಏರಿಳಿತವೇ ಇರಲಿಲ್ಲ.

ಜೆಮೇಲಿ ಬಹಳ ಹೊತ್ತು ಹಸುವಿನ ಹೊಟ್ಟೆಗೆ ಹಣೆ ಆನಿಸಿ ಕೂತಿದ್ದಳು. ಶನಿವಾರದ ಮಾತು ತೆಗೆಯುತ್ತಾಳೆ, ಅಳುತ್ತಾಳೆ, ಜಗಳವಾಡುತ್ತಾಳೆ ಎಂದು ಅವನು ಕಾದ.

"ನಂಗೂ ಬಂದಿತ್ತು ಬಾಬಾ," ಎಂದಳು.

"ಏನು?"

"ಕತ್ತಲೆ. ಹೋದ ತಿಂಗಳು, ಅದೇ ಏರಲ್ಲಿ. ಆಮೇಲೆ ಇನ್ನೊಂದ್ಸಲ, ಶಾಲೆ ಮೈದಾನದಲ್ಲಿ." ಮುಖ ತಿರುಗಿಸಲಿಲ್ಲ. "ನಾನು ನಿಲ್ಲಲಿಲ್ಲ. ನೀನೇ ಹೇಳಿದ್ಯಲ್ಲ, ಓಡಿದ್ರೆ ಅದೇ ದಾಟತ್ತೆ ಅಂತ. ದಾಟ್ತು."

ಕಿಮೋಸೊಪ್ ಗೂಟವನ್ನು ಹಿಡಿದುಕೊಂಡ. ಅವಳ ಮುಂದೆ ಓಡುತ್ತ, ಅವಳ ಉಸಿರನ್ನು ಕಿವಿಯಿಂದಲೇ ಅಳೆಯುತ್ತಿದ್ದ ತನಗೆ ಅದು ಕೇಳಿಸಿರಲಿಲ್ಲ. ತಾನು ಕಾಣುತ್ತಿದ್ದುದು ಬರೀ ಮುಂದಿನ ದಾರಿ. ಮಗಳು ಹಿಂದೆ ಕತ್ತಲೆಯಲ್ಲಿ ಓಡುತ್ತಿದ್ದಳು, ತನ್ನ ಮಾತು ನಂಬಿಕೊಂಡು. ಕೊನೆಗೆ ಹೋಗಿ ಕ್ಯಾನನ್ನು ಎತ್ತಿಕೊಂಡು ಒಳಗೆ ಇಟ್ಟುಬಂದ.

ಮರುದಿನ ಬೆಳಗ್ಗೆ ಇಬ್ಬರೂ ಮಟಾಟು ನಿಲ್ಲುವಲ್ಲಿಗೆ ನಡೆದು ಹೋದರು. ಎದುರಿನಿಂದ ಓಟದವರು ಬರುತ್ತಿದ್ದರು, ಇಬ್ಬರನ್ನೂ ಕಂಡು ಕೈ ಎತ್ತುತ್ತಿದ್ದರು. "ಏನ್ ಜೆಮೇಲಿ, ಶನಿವಾರಕ್ಕೆ ಕಾಲು ಉಳಿಸ್ಕೊಳ್ತಿದ್ದೀಯಾ?" ಎಂದು ಯಾರೋ ಕೂಗಿದರು. ಅವಳು ನಕ್ಕಳು. ಆ ದಾರಿ ಅಷ್ಟು ಉದ್ದವೆಂದು ಕಿಮೋಸೊಪ್‌ಗೆ ಅಂದೇ ಗೊತ್ತಾದದ್ದು.

ಆಸ್ಪತ್ರೆಯಲ್ಲಿ ಮೊದಲು ಒಬ್ಬಳು ನರ್ಸು ಅವಳನ್ನು ಕೂರಿಸಿ, ತೂಕ ನೋಡಿ, ತೋಳಿಗೆ ಪಟ್ಟಿ ಸುತ್ತಿ, ದಿನಕ್ಕೆ ನೂರು ಸಲ ಕೇಳಿ ಬೇಸತ್ತ ದನಿಯಲ್ಲಿ ಕೇಳಿದಳು. "ಮನೇಲಿ ಯಾರಾದ್ರೂ ಚಿಕ್ಕ ವಯಸ್ಸಲ್ಲಿ ಇದ್ದಕ್ಕಿದ್ದ ಹಾಗೆ ತೀರ್ಕೊಂಡಿದ್ದಾರಾ?"

ಕಿಮೋಸೊಪ್‌ನ ನಾಲಗೆ ಹಳೆಯ ಚಾಳಿಯಂತೆ "ಇಲ್ಲ" ಎನ್ನಲು ಎದ್ದಿತು.

"ಹೌದು," ಎಂದಳು ಜೆಮೇಲಿ. "ನನ್ನ ಚಿಕ್ಕಪ್ಪ. ಕಿಬಿವೊಟ್. ಓಡ್ತಾ ಓಡ್ತಾ ಹೋದ."

ಅವಳು ಆ ಹೆಸರನ್ನು ಹುಟ್ಟಿದಾಗಿನಿಂದ ಕರೆಯುತ್ತಿದ್ದವಳಂತೆ ಸಲೀಸಾಗಿ ಹೇಳಿದಳು. ಬಿದ್ದ ದಿನದಿಂದ ಮರಗಟ್ಟಿದ್ದದ್ದು ಆಗ ಒಮ್ಮೆಲೇ ಸಡಿಲಿತು. ಜೋಮು ಬಿಡುವ ಕಾಲಿನ ಹಾಗೆ, ಮೊದಲು ಬಂದದ್ದು ನೋವೇ. ಕಿಮೋಸೊಪ್ ಗೋಡೆಯ ಕಡೆ ತಿರುಗಿ ಅತ್ತ. ನರ್ಸು ಒಂದು ಸಲ ನೋಡಿ, ಕುರ್ಚಿಯೊಂದನ್ನು ಕಾಲಿನಿಂದ ಅವನತ್ತ ತಳ್ಳಿದಳು.

ಕತ್ತಲೆ ಕೋಣೆಯಲ್ಲಿ ಅವನು ಪರದೆಯನ್ನು ನೋಡಲಿಲ್ಲ. ಡಾಕ್ಟರ ಎಡಗೈಯನ್ನು ನೋಡುತ್ತಿದ್ದ. ಅದು ಒಂದು ಗುಂಡಿ ಒತ್ತಿತು. ಮತ್ತೆ ಅದನ್ನೇ ಒತ್ತಿತು. ಮತ್ತೆ.

ದೀಪ ಹಾಕಿದ ಮೇಲೆ ಡಾಕ್ಟರ್ ನೆಕೇಸಾ ಅವನ ಕಡೆ ನೋಡದೆ ಹುಡುಗಿಯ ಪಕ್ಕದಲ್ಲೇ ಕೂತರು. "ಇದೆ ಮಗಳೇ," ಎಂದರು. "ನಿಮ್ಮಪ್ಪನಷ್ಟಿಲ್ಲ. ಆದ್ರೆ ಇದೆ. ಬೇಗ ಸಿಕ್ಕಿದೆ. ನೀನು ಹೀಗೇ ಓಡ್ತಾ ಇದ್ದಿದ್ರೆ ಏನಾಗ್ತಿತ್ತೋ, ಅದನ್ನ ನಾನು ಹೇಳಲ್ಲ."

ಜೆಮೇಲಿ ಎದ್ದು ಕೂತು ಅಂಗಿಯ ಗುಂಡಿ ಹಾಕಿಕೊಂಡಳು. ಒಂದು ಗುಂಡಿ ತಪ್ಪು ಕಾಜಕ್ಕೆ ಹೋಯಿತು. ಬಿಚ್ಚಿ ಮತ್ತೆ ಹಾಕಿದಳು. "ಎಷ್ಟು ದಿನ ಓಡಬಾರದು?"

ಡಾಕ್ಟರು ಅವಳ ಕೈ ಹಿಡಿದು ಅಡ್ಡಡ್ಡ ತಲೆಯಾಡಿಸಿದರು. ಅವಳು ತಲೆ ತಗ್ಗಿಸಿದಳು.

"ನಡೀಬೋದಾ?"

"ನಡೀಬೋದು. ಎಷ್ಟು ಬೇಕಾದ್ರೂ ನಡಿ."

ಸಂಜೆ ಇಟೆನ್‌ನಲ್ಲಿ ಇಳಿದು ಮನೆಯ ದಾರಿ ಹಿಡಿದರು. ಬೊವೆನ್ ಅಂಗಡಿಯ ಬಾಗಿಲಿಗೆ ಬಂದ. ಇಬ್ಬರ ಮುಖ ಕಂಡು, ಬಾಯಲ್ಲಿದ್ದ ಕೀಟಲೆಯನ್ನು ಹಾಗೇ ನುಂಗಿ ಒಳಗೆ ಹೋದ. ಕಿಮೋಸೊಪ್ ನಡೆಯುತ್ತ ನಡೆಯುತ್ತ ತನಗೇ ತಿಳಿಯದೆ ಮುಂದೆ ಹೋಗಿಬಿಟ್ಟಿದ್ದ. ಗಾಳಿ ಎದುರಿನಿಂದ ಬೀಸುತ್ತಿತ್ತು. ಎದೆ ಎಂದಿನಂತೆ ಅದಕ್ಕೆ ಅಡ್ಡವಾಗಿ ನಿಂತಿತ್ತು. ಹಿಂದಿನಿಂದ ಮಗಳ ಉಸಿರು ಕೇಳಿಸುತ್ತದೋ ಎಂದು ಕಿವಿಗೊಟ್ಟ. ಕೇಳಿಸಲಿಲ್ಲ. ಗಾಬರಿಯಾಗಿ ತಿರುಗಿದ.

ಅವಳು ಸ್ವಲ್ಪ ದೂರದಲ್ಲಿ ನಿಂತಿದ್ದಳು, ಚಪ್ಪಲಿಯಿಂದ ಕಲ್ಲು ತೆಗೆಯುತ್ತ.

"ಮುಂದೆ ಹೋಗ್ಬೇಡ ಬಾಬಾ," ಎಂದಳು. "ನೀನು ಮುಂದಿದ್ರೆ ಕಾಲು ತಾನಾಗೇ ಓಡತ್ತೆ."

ಅವನು ನಿಂತು ಕಾದ. ಅವಳು ಬಂದು ಸೇರಿದ ಮೇಲೆ ಇಬ್ಬರೂ ಜೊತೆಯಾಗಿ ಹೆಜ್ಜೆ ಹಾಕಿದರು. ಎದುರು ಬಂದ ಮುದುಕಿಯೊಬ್ಬಳು ದಾರಿ ಬಿಟ್ಟು ನಿಂತು, ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿ, "ಪಾಪ, ಏನು ಕಾಯಿಲೆಯೋ," ಎಂದಳು.